ಸಾನ್ನಾಳ ಪರವಾಗಿ ಮಾತಾಡಿದವರು

ಸಾನ್ನಾ ಬಾಗಿಲು ತಟ್ಟಲಿಲ್ಲ. ನೇರವಾಗಿ ಹೋಕಾನನ ಕೋಣೆಗೆ ನುಗ್ಗಿ ಅವನ ಮೇಜಿನ ಮುಂದೆ ನಿಂತಳು.

"ಫ್ರೆಡ್ರಿಕ್ ಯಾಕೆ?"

ಹೋಕಾನ್ ಕನ್ನಡಕ ತೆಗೆದ. "ಕೂತ್ಕೋ."

"ಕೂರಲ್ಲ. ಕೆಲಸದಲ್ಲಿ ಹೆಂಗಸರು ಅರ್ಧಕ್ಕೇ ಯಾಕೆ ನಿಂತುಬಿಡ್ತಾರೆ ಅಂತ ಅಧ್ಯಯನ. ಯೋಚನೆ ನಂದು, ಪ್ರಶ್ನೆಗಳು ನಂದು. ಅದಕ್ಕೆ ಮುಖ್ಯಸ್ಥ ಫ್ರೆಡ್ರಿಕ್, ನಿನ್ನೆ ಮೊನ್ನೆ ಬಂದವನು! ನಗು ಬರಲ್ವಾ ನಿನಗೆ?"

"ಬರಲ್ಲ."

ಗೋಥೆನ್‌ಬರ್ಗಿನ ಆ ಮನಶ್ಶಾಸ್ತ್ರ ಸಂಶೋಧನಾ ಕೇಂದ್ರದಲ್ಲಿ ಸಾನ್ನಾಳಿಗೆ ಹೀಗೆ ಅವಕಾಶ ಕೈತಪ್ಪಿದ್ದು ಇದು ಮೂರನೆಯ ಸಲ. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಹೆಸರು ಘೋಷಣೆಯಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ದರು, ಸಾನ್ನಾಳೂ. ಹೋಕಾನ್ ಮಾತ್ರ ಕಾಫಿ ಅಲ್ಲೇ ಬಿಟ್ಟು ಎದ್ದು ಹೋಗಿದ್ದ. ಮುಖ ತೋರಿಸಲು ನಾಚಿಕೆಯಾಗಿರಬೇಕು ಎಂದುಕೊಂಡಿದ್ದಳು ಅವಳು.

ಆಯ್ಕೆ ಸಮಿತಿಯಲ್ಲಿದ್ದವರು ಮೂವರು: ಹಿರಿಯ ಸಂಶೋಧಕ ಹೋಕಾನ್, ನಿರ್ದೇಶಕಿ ಗುನಿಲ್ಲಾ, ಮತ್ತೆ ಸಾನ್ನಾಳ ಮುಖವನ್ನೇ ಕಾಣದ ಹೊರಗಿನವರೊಬ್ಬರು. ಅಡ್ಡ ನಿಂತವರು ಯಾರೆಂದು ತಲೆ ಕೆಡಿಸಿಕೊಳ್ಳಬೇಕಾದ್ದೇನೂ ಇರಲಿಲ್ಲ.

ಬೇರೆಯವರ ಪ್ರಬಂಧಗಳನ್ನು 'ಪರವಾಗಿಲ್ಲ' ಎಂದು ಸಾಗಹಾಕುವ ಹೋಕಾನ್, ಸಾನ್ನಾಳದನ್ನು ಮಾತ್ರ ಸಾಲುಸಾಲನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತಿದ್ದ. ಹೆರಿಗೆ ರಜೆ ಮುಗಿಸಿ ಬಂದ ದಿನವೇ, ಮಗುವಿನ ಹೆಸರನ್ನೂ ಕೇಳದೆ, ಯಾರೂ ಮುಟ್ಟದ ಕಷ್ಟದ ಕೆಲಸವನ್ನು ಅವಳ ಮುಂದಿಟ್ಟಿದ್ದ.

ಗುನಿಲ್ಲಾ ಹಾಗಲ್ಲ. ಸಾನ್ನಾಳ ಇಬ್ಬರು ಮಕ್ಕಳ ಹುಟ್ಟುಹಬ್ಬವೂ ಆಕೆಗೆ ನೆನಪಿರುತ್ತಿತ್ತು. ಸಾನ್ನಾ ಕಾಫಿಗೆ ತಡವಾಗಿ ಬಂದರೆ ಅವಳ ಪಾಲಿನ ಏಲಕ್ಕಿ ಬನ್ನು ತಟ್ಟೆಯ ಕೆಳಗೆ ಬೆಚ್ಚಗಿರುತ್ತಿತ್ತು. ಮಗುವಿಗೆ ಜ್ವರವೆಂದರೆ, "ನೀನು ಹೊರಡು ಪುಟ್ಟಿ, ಇಲ್ಲೀದನ್ನ ಇನ್ಯಾರಾದರೂ ನೋಡ್ಕೋತಾರೆ," ಎಂದು ತಾನೇ ಕೋಟು ತಂದು ಕೊಡುತ್ತಿದ್ದಳು. ಓಸ್ಲೋದಿಂದ ಉಪನ್ಯಾಸಕ್ಕೆ ಕರೆ ಬಂದಾಗ, ಎಳೆ ಮಕ್ಕಳನ್ನು ಬಿಟ್ಟು ಹೋಗುವ ಸಂಕಟ ಬೇಡವೆಂದು ಫ್ರೆಡ್ರಿಕ್‌ನನ್ನು ಕಳಿಸಿಕೊಟ್ಟಿದ್ದಳು. ಚಳಿಗಾಲದ ಕತ್ತಲಲ್ಲಿ ಸಾನ್ನಾ ಟ್ರಾಮ್ ಹತ್ತುವವರೆಗೂ ಜೊತೆಯಲ್ಲಿ ನಿಲ್ಲುತ್ತಿದ್ದಳು. ಅಂಥ ಅಕ್ಕರೆ ಎಲ್ಲರಿಗೂ ಸಿಗುವುದಿಲ್ಲ.

"ಬೇಡ ಅಂದಿದ್ದು ನೀನೇ ತಾನೆ?" ಎಂದಳು ಸಾನ್ನಾ.

"ಸಮಿತೀಲಿ ಆಡಿದ್ದನ್ನ ಹೊರಗೆ ಹೇಳೋ ಹಾಗಿಲ್ಲ. ನಿನಗೂ ಗೊತ್ತು."

"ನಾನೇ ಹೇಳ್ತೀನಿ ಬಿಡು. ನನ್ನ ಬರವಣಿಗೆ ನಿನಗೆ ಯಾವತ್ತು ಹಿಡಿಸಿದೆ?"

"ಹಿಡಿಸದ್ದನ್ನ ನಾನು ಪೂರ್ತಿ ಓದಲ್ಲ."

"ಆಹಾ, ದೊಡ್ಡ ಉಪಕಾರ!" ಅವಳು ಮೇಜಿನ ಮೇಲೆ ಕೈಯೂರಿದಳು. "ಒಂದು ಹೇಳು. ನನ್ನ ಪರವಾಗಿ ಅಲ್ಲಿ ಒಬ್ಬರಾದರೂ ಮಾತಾಡಿದ್ರಾ?"

ಹೋಕಾನ್ ಕಿಟಕಿಯ ಕಡೆ ನೋಡಿದ. "ಮಾತಾಡಿದ್ರು. ಗಂಟಲು ಹರಿಯೋ ಹಾಗೆ. ನಡೀಲಿಲ್ಲ."

"ಪಾಪ, ಗುನಿಲ್ಲಾ."

ಹೋಕಾನ್ ಕನ್ನಡಕ ಹಾಕಿಕೊಂಡ. "ಬಾಗಿಲು ಹಾಕ್ಕೊಂಡು ಹೋಗು."

ಅವಳು ದಢಾರನೆ ಹಾಕಿದಳು.

ಸದ್ದಿಗೆ ಗುನಿಲ್ಲಾ ಪಕ್ಕದ ಕೋಣೆಯಿಂದ ಓಡಿ ಬಂದಳು. ಏನೂ ಕೇಳದೆ ಎರಡೂ ತೋಳು ಚಾಚಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆ ಭುಜದ ಮೇಲೆ ಒಡೆಯಿತು.

"ಸಾಕು ಗುನಿಲ್ಲಾ. ಆ ಮನುಷ್ಯ ಇರೋವರೆಗೂ ನಾನಿಲ್ಲಿ ಮೇಲೆ ಬರಲ್ಲ. ಕೆಲಸಾನೇ ಬಿಡ್ತೀನಿ."

"ಹಾಗನ್ಬೇಡ ಪುಟ್ಟಿ. ಅವನ ಮೇಲೆ ನನಗೂ ಕೆಟ್ಟ ಕೋಪ ಇದೆ. ಎಳೆ ಮಕ್ಕಳ ತಾಯಿ ಅಂತ ಚೂರೂ ಕರುಣೆ ಇಲ್ಲ ಅವನಿಗೆ."

ಗುನಿಲ್ಲಾ ಅವಳ ಬೆನ್ನು ಸವರುತ್ತಲೇ ಇದ್ದಳು. "ಮೂರು ಸಲಾನೂ ನಿನ್ನನ್ನೇ ಮುಖ್ಯಸ್ಥೆ ಮಾಡ್ಬೇಕು ಅಂತ ಹಠ ಹಿಡಿದ ಕಣೇ, ಆ ಹೊರೆಯಿಂದ ನಿನ್ನನ್ನ ಉಳಿಸೋಷ್ಟರಲ್ಲಿ ನನಗೆ ಸಾಕುಸಾಕಾಯ್ತು."