ಪಕ್ಕದ ಕುರ್ಚಿ

ಕಚೇರಿಯಲ್ಲಿ ನಮ್ಮೆಲ್ಲರ ಕೊರಳಲ್ಲೂ ಶ್ವಾಸದೀಪವಿದೆ. ಎದೆಯೊಳಗೆ ಇ-ಸಿಗರೇಟಿನ ಹೊಗೆ ಹೆಚ್ಚಿದಂತೆ ಅದು ಮೊದಲು ಹಳದಿ, ಆಮೇಲೆ ಕೆಂಪಾಗುತ್ತದೆ. ಕೆಂಪಾದವರು ಸೇದಿದವರೆಂದೇ ಲೆಕ್ಕ, ಅಂದೇ ಕೆಲಸ ಹೋಗುತ್ತದೆ. ಮೇಲಧಿಕಾರಿಗಳಿಗೆ ಮಾತ್ರ ದೀಪವಿಲ್ಲ. ಹಾಗಾಗಿ ಮೀಟಿಂಗಿನಲ್ಲೇ ಸೇದುವ ದೇಶಮಾನೆ ಸಾಹೇಬರ ಪಕ್ಕದ ಕುರ್ಚಿಗೆ ನಾವು ಸರದಿ ಮಾಡಿಕೊಂಡಿದ್ದೇವೆ.

ಇಂದು ತುಂಬು ಗರ್ಭಿಣಿ ನಫೀಸಾಳ ಸರದಿ.

“ನೀ ಆ ಕಡೆ ಕೂಡವಾ, ಇಲ್ಲಿ ನಾ ಕೂಡ್ತೀನಿ,” ಎಂದೆ.

“ಅಕ್ಕಾರ, ನಿಮ್ಮ ದೀಪ ನಿನ್ನೇನ ಹಳದಿ ಆಗೇತಲ್ರಿ!”

“ಒಂದ್ ತಾಸಿನ್ಯಾಗ ಏನಾಗ್ತದ, ಬಿಡು.”

ಸಾಹೇಬರು ಎಂದಿನಂತೆ ಮಾವಿನ ಪರಿಮಳದ ಹೊಗೆ ಬಿಟ್ಟರು. ನಾನು ಮೂಗಿಗೆ ಸೆರಗು ಹಿಡಿದು, ಆದಷ್ಟು ಕಡಿಮೆ ಉಸಿರಾಡಿದೆ. ಮೀಟಿಂಗ್ ಮುಗಿಯುವ ಮೊದಲೇ ಎಲ್ಲರೂ ನನ್ನ ಕೊರಳನ್ನೇ ನೋಡತೊಡಗಿದರು.

ಸಾಹೇಬರೂ ತಿರುಗಿ ನೋಡಿ, ನೊಂದವರಂತೆ ತಲೆಯಾಡಿಸಿದರು. “ಏನ್ರೀ ವೈಜಯಂತಿ, ನೀವೂ ಸೇದ್ತೀರೇನು?”