ಕೋಡಿಲ್ಲದ ಟಗರು

ಹಿಂಡಿನ ಒಂದು ಕುರಿಯೂ ಗಬ್ಬವಾಗಲಿಲ್ಲವೆಂದು ಪಶುವೈದ್ಯರನ್ನು ಕರೆಸಿದ್ದರು. ಬಂಜೆ ಸೊಸೆಯ ಗಾಳಿ ಬಡಿದು ಕುರಿಗಳೂ ಬಂಜೆಯಾದವೆಂದು ಅತ್ತೆ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಮಗನಿಗೆ ಇನ್ನೊಂದು ಹೆಣ್ಣು ನೋಡಲು ನಾಳೆ ಹೊರಡುವುದಿತ್ತು. ಸೊಸೆ ಮಾಳವ್ವ ಕಂಬ ಹಿಡಿದು ನಿಂತಿದ್ದಳು.

ಹಾಯುವುದಿಲ್ಲವೆಂದು ಎಲ್ಲರೂ ಮೆಚ್ಚಿ ತಂದ ಬೋಳುತಲೆಯ ಟಗರು ಅದು. ಅದರ ಹಿಂದೆ ಯಾರೂ ಬಗ್ಗಿ ನೋಡಿರಲಿಲ್ಲ. ಡಾಕ್ಟರು ಹಿಂಗಾಲ ನಡುವೆ ಕೈಯಾಡಿಸಿದರು.

"ಯವ್ವಾ, ಕುರಿ ಬೈಬ್ಯಾಡ. ದೋಷ ಟಗರಿಂದು. ಬೀಜ ಹೊಟ್ಟಿ ಒಳಗ ಉಳದಾವು."

"ಕೋಡೂ ಇಲ್ಲಲ್ರೀ," ಎಂದಳು ಅತ್ತೆ.

"ಎರಡಕ್ಕೂ ಒಂದ ಜೀನು. ಹಾರ್ಮೋನು ಕೂಗಿದ್ದನ್ನ ಕೇಳೂ ಕಿವಿ ಇದ್ದಂಗ ಅದು. ಕಿವಿ ಕೆಟ್ಟರ ಕೋಡೂ ಬೆಳಿಯೂದಿಲ್ಲ, ಬೀಜಾನೂ ಇಳಿಯೂದಿಲ್ಲ."

"ಮನಿಷ್ಯಾರಿಗೂ ಹಿಂಗ ಆಗತೈತೇನ್ರೀ?" ಮಾಳವ್ವ ಕೇಳಿಯೇಬಿಟ್ಟಳು.

"ಆಗತೈತಿ. ಕೋಡಿನ ಗುರುತು ಇರೂದಿಲ್ಲ, ಹಂಗಾಗಿ ಮಂದಿಗೆ ಗೊತ್ತಾಗೂದಿಲ್ಲ."

ಡಾಕ್ಟರು ಹೋದ ಮೇಲೆ ಟಗರನ್ನು ಸಂತೆಗೆ ಹೊಡೆಯುವುದೆಂದು ತೀರ್ಮಾನವಾಯಿತು. ಕುರಿಗಳ ಮೇಲಿನ ಅಪವಾದ ತೊಳೆದುಹೋಯಿತು. ಮಾಳವ್ವ ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಅತ್ತೆಯ ಎದುರು ಕೂತಳು.

"ಅತ್ತೀ, ಹೆಣ್ಣು ನೋಡಾಕ ಹೋಗೂ ಮೊದಲ ಇವರನ್ನೂ ಒಮ್ಮೆ ದವಾಖಾನಿಗೆ ತೋರಿಸೂಣು."

ಅತ್ತೆ ಸಿಟ್ಟಾಗಲಿಲ್ಲ. ಎಲೆಗೆ ಸುಣ್ಣ ಹಚ್ಚಿ, ಮಡಚಿ, ದವಡೆಗಿಟ್ಟುಕೊಂಡಳು.

"ತೊಟ್ಟಿಲದಾಗ ಇದ್ದಾಗನ ಮಗನ್ನ ತೋರಿಸೀನಿ, ಆ ಡಾಕ್ಟರೂ ಬೀಜ ಇಳದಿಲ್ಲಂತನ ಹೇಳಿದ್ರು. ನಾಳಿ ಬುತ್ತಿಗೆ ನಾಕು ರೊಟ್ಟಿ ಹೆಚ್ಚಿಗಿ ಬಡಿ."