ಹೊಸಬಳ ಬಿಲ್ಡ್

೨೦೨೪ರ ಮಾರ್ಚ್ ೧೨, ಬೆಳಿಗ್ಗೆ ೧೧ ಗಂಟೆ ೪೦ ನಿಮಿಷ. ಸಂಜೆಯೊಳಗೆ ಗ್ರಾಹಕರಿಗೆ ಒಪ್ಪಿಸಬೇಕಿದ್ದ ಜಾವಾ ಪ್ರಾಜೆಕ್ಟ್‌ನ ಬಿಲ್ಡ್, ಅಂದರೆ ಕೋಡನ್ನೆಲ್ಲ ಜೋಡಿಸಿ ಪ್ರೋಗ್ರಾಂ ಸಿದ್ಧಮಾಡುವ ಕೆಲಸ, ಎಲ್ಲರ ಕಂಪ್ಯೂಟರಿನಲ್ಲೂ ಮುಗ್ಗರಿಸುತ್ತಿತ್ತು. ಕುಮುದಾಳದರಲ್ಲಿ ಮಾತ್ರ ಸಲೀಸಾಗಿ ಮುಗಿಯುತ್ತಿತ್ತು.

“ಮೊನ್ನೆ ಸೇರಿದವಳ ಕೈಗುಣ ನೋಡಿ ವಾದಿರಾಜ್. ನೀವೂ ಅವಳಿಂದ ಸ್ವಲ್ಪ ಹೇಳಿಸ್ಕೊಳ್ಳಿ,” ಎಂದು ಮ್ಯಾನೇಜರ್ ನಕ್ಕರು.

ತಂಡಕ್ಕೇ ಹಿರಿಯನಾದ ವಾದಿರಾಜನ ಹೊಟ್ಟೆಗೆ ಕಿಚ್ಚು ಬಿತ್ತು. ಒಪ್ಪಿಸುವ ದಿನ ಹಳೆಯ ಲೈಬ್ರರಿಗಳನ್ನೆಲ್ಲ, ಅಂದರೆ ಹೊರಗಿನವರು ಬರೆದಿಟ್ಟ ಸಿದ್ಧ ಕೋಡನ್ನೆಲ್ಲ, ಅಳಿಸಿ ಇಂಟರ್ನೆಟ್ಟಿನಿಂದ ಹೊಸದಾಗಿ ಇಳಿಸಿಕೊಳ್ಳುವುದು ಅವನೇ ಹಾಕಿಕೊಟ್ಟ ಪದ್ಧತಿ. ಇವಳು ಅದನ್ನೂ ಮಾಡಿರಲಿಲ್ಲ. ಅವಳು ಊಟಕ್ಕೆ ಎದ್ದುಹೋದಾಗ ಅವಳ ಕುರ್ಚಿಯಲ್ಲಿ ಕುಳಿತು ಅವಳ ಲೈಬ್ರರಿಗಳನ್ನೆಲ್ಲ ಅಳಿಸಿದ. ಇನ್ನು ಅವಳದೂ ಮುಗ್ಗರಿಸಲಿ.

ಊಟ ಮುಗಿಸಿದ ಕುಮುದಾ ನೇರ ಅವನ ಬಳಿಗೇ ಬಂದಳು.

“ಸರ್, ಕಾರಣ ಗೊತ್ತಾಯ್ತು. ಒಂದು ಲೈಬ್ರರಿನ ಅದನ್ನ ಬರೆದವರೇ ನಿನ್ನೆ ತಮ್ಮ ಸರ್ವರ್‌ನಿಂದ ತೆಗೆದುಬಿಟ್ಟಿದ್ದಾರೆ. ಎಲ್ಲೂ ಸಿಗಲ್ಲ. ನಾನು ಅಳಿಸಿರಲಿಲ್ವಲ್ಲ, ನನ್ನ ಕಂಪ್ಯೂಟರಲ್ಲಿ ಒಂದು ಪ್ರತಿ ಉಳಿದಿದೆ. ಮೊದಲು ನಿಮಗೇ ಕೊಡ್ತೀನಿ. ಮ್ಯಾನೇಜರ್ ಹತ್ರ ನೀವೇ ಸರಿಮಾಡಿದ್ದು ಅನ್ನಿ.”

“ಎಷ್ಟು ದೊಡ್ಡದು?” ಎಂದ.

“ಚಿಕ್ಕದು ಸರ್. ಹದಿನಾಲ್ಕು ಕಿಲೋಬೈಟ್.”